ಹಳೆಯ ಫೋಟೊಗಳನ್ನು ಉಳಿಸಿಕೊಳ್ಳುವ ಬಗೆ: ಟ್ರಂಕಿನಿಂದ ಕಂಪ್ಯೂಟರಿನವರೆಗೆ

ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಹೇಳುವುದೆಲ್ಲ ಮರೆತರೂ ಇದೊಂದು ನೆನಪಿರಲಿ. ಅಜ್ಜನದೆಂದು ಇರುವ ಒಂದೇ ಫೋಟೊ ಹಳದಿಗಟ್ಟುತ್ತಿದೆ, ಮೂಲೆ ಹರಿಯುತ್ತಿದೆ ಎಂದು ಗಾಬರಿಯಾದವರು ಅದನ್ನು ಎತ್ತಿಕೊಂಡು ಹೋಗುವುದು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ. ಅಲ್ಲಿ ಅದು ಬಿಸಿ ರೋಲರುಗಳ ನಡುವೆ ತೂರಿ, ಎರಡು ಪ್ಲಾಸ್ಟಿಕ್ ಹಾಳೆಗಳ ಮಧ್ಯೆ ಕರಗಿದ ಅಂಟಿನಲ್ಲಿ ಹೂತು ಹೊರಬರುತ್ತದೆ. ನೋಡಲು ಹೊಳೆಯುತ್ತದೆ, ನಿಜ. ಆದರೆ ಆ ಅಂಟನ್ನು ಫೋಟೊಕ್ಕೆ ಪೆಟ್ಟಾಗದಂತೆ ಬಿಡಿಸುವುದು ಮನೆಯಲ್ಲಿ ಆಗುವ ಮಾತಲ್ಲ. ಮುಂದೊಂದು ಮಳೆಗಾಲದಲ್ಲಿ ಅಂಚಿನಿಂದ ಪಸೆ ಇಳಿದರೆ ಬೂಷ್ಟು ಒಳಗೇ ಬೆಳೆಯುತ್ತದೆ, ನಾವು ಹೊರಗಿನಿಂದ ನೋಡುತ್ತ ಕೂರಬೇಕು.

ಇಡೀ ಕೆಲಸಕ್ಕೆ ಇರುವ ನಿಯಮವೂ ಇದೇ. ಮೂಲ ಫೋಟೊವನ್ನು ಕಾಪಾಡಬೇಕು, ರಿಪೇರಿಯನ್ನೆಲ್ಲ ಅದರ ನಕಲಿನ ಮೇಲೆ ಮಾಡಬೇಕು. ಮತ್ತೆ ಬಿಚ್ಚಲಾಗದ, ಅಳಿಸಲಾಗದ ಯಾವುದನ್ನೂ ಮೂಲಕ್ಕೆ ಮಾಡಕೂಡದು. ಅಂಟುಟೇಪು, ಗೋಂದು, ಸ್ಟೇಪ್ಲರ್ ಪಿನ್ನು, ಹಿಂಬದಿಗೆ ಬಾಲ್‌ಪೆನ್ನಿನ ಬರಹ, ಒದ್ದೆ ಬಟ್ಟೆ ಎಲ್ಲಕ್ಕೂ ಈ ನಿಯಮವೇ ಬೀಗ ಹಾಕುತ್ತದೆ.

1. ಮೊದಲು ಹುಡುಕಿ, ಒಂದೆಡೆ ಸೇರಿಸಿ

ಈ ಕೆಲಸಕ್ಕೆ ಒಣ ದಿನಗಳನ್ನು ಆರಿಸಿಕೊಳ್ಳಿ. ನಮ್ಮಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ಆಷಾಢದಲ್ಲಿ ಟ್ರಂಕು ತೆರೆದು ಮತ್ತೆ ಮುಚ್ಚಿದರೆ ಹೊರಗಿನ ತೇವವನ್ನೂ ಒಳಗೆ ಹಾಕಿ ಮುಚ್ಚಿದಂತೆ.

ಫೋಟೊಗಳು ಆಲ್ಬಮ್ಮಿನಲ್ಲಿ ಮಾತ್ರ ಇರುವುದಿಲ್ಲ. ಬೀರುವಿನ ಲಾಕರಿನಲ್ಲಿ ಜಮೀನಿನ ಪತ್ರಗಳ ಜೊತೆ, ಹಳೆಯ ಪಂಚಾಂಗದ ಪುಟಗಳ ನಡುವೆ, ಶಾಲೆಯ ಸರ್ಟಿಫಿಕೇಟಿನ ಕವರಿನಲ್ಲಿ, ಕಾಲಾವಧಿ ಮುಗಿದ ಪಾಸ್‌ಪೋರ್ಟಿನಲ್ಲಿ ಹುಡುಕಿ. ಕಟ್ಟು ಹಾಕಿಸಿದ ಫೋಟೊಗಳ ಹಿಂದಿನ ರಟ್ಟನ್ನು ತೆಗೆದಾಗ ಒಳಗೆ ಇನ್ನೊಂದು ಹಳೆಯ ಫೋಟೊ ಸಿಗುವುದೂ ಉಂಟು. ಹೊಸದನ್ನು ಕೂರಿಸುವಾಗ ಹಳೆಯದನ್ನು ಹೊರಗೆ ತೆಗೆಯದೆ ಅದರ ಮೇಲೇ ಇಟ್ಟು ಮೊಳೆ ಹೊಡೆದಿರುತ್ತಾರೆ.

ಇಷ್ಟಾದ ಮೇಲೆ ನೆಂಟರಿಗೆ ಫೋನ್ ಮಾಡಿ. ಸ್ಟುಡಿಯೊದಲ್ಲಿ ತೆಗೆಸಿದ ಫೋಟೊವನ್ನು ಮೂರೋ ನಾಲ್ಕೋ ಪ್ರತಿ ಹಾಕಿಸಿ ಹಂಚುವುದು ರೂಢಿಯಾಗಿತ್ತು. ನಿಮ್ಮ ಮನೆಯ ಗೋಡೆಯಲ್ಲಿ ಬಿಸಿಲಿಗೆ ಸುಟ್ಟುಹೋದ ಅಜ್ಜಿಯ ಫೋಟೊ ಅವರ ತವರುಮನೆಯ ಪೆಟ್ಟಿಗೆಯಲ್ಲಿ ನಿನ್ನೆ ತೊಳೆದಂತೆ ಇರಬಹುದು. ವಾರಗಟ್ಟಲೆ ಕಂಪ್ಯೂಟರಿನ ಮುಂದೆ ಕೂತು ಸರಿಪಡಿಸುವುದಕ್ಕಿಂತ ಚೆನ್ನಾಗಿರುವ ಇನ್ನೊಂದು ಪ್ರತಿಯನ್ನು ಹುಡುಕುವುದು ಜಾಣತನ. ನೆಗೆಟಿವ್ ಸಿಕ್ಕರಂತೂ ಮೂಲಕ್ಕಿಂತ ಮೂಲ ಸಿಕ್ಕಿದಂತೆ.

ಸೇರಿಸುವಾಗ ಕಲಸಬೇಡಿ. ಒಂದೇ ಕವರಿನಲ್ಲಿದ್ದವು ಒಟ್ಟಿಗೇ ಇರಲಿ, ಆಲ್ಬಮ್ಮಿನ ಕ್ರಮ ಹಾಗೇ ಇರಲಿ. ಗುರುತು ಸಿಗದ ಮುಖವೊಂದು ಯಾವ ಫೋಟೊದ ಪಕ್ಕದಲ್ಲಿತ್ತು ಎಂಬುದರಿಂದಲೇ ಎಷ್ಟೋ ಸಲ ಅದು ಯಾರೆಂದು ತಿಳಿಯುತ್ತದೆ.

ಮೇಜಿನ ಮೇಲೆ ಬೇಕಾಗುವುದು ಇಷ್ಟು: ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ, ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬ್ಲೋಅರ್, ಮೃದುವಾದ ಹೊಸ ಬ್ರಷ್, 2ಬಿ ಪೆನ್ಸಿಲ್, ಖಾಲಿ ಕಾಗದದ ಕವರುಗಳು. ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ತಲೆಗೆ ಎಣ್ಣೆ ಹಚ್ಚಿದ ದಿನ ಬೇಡ. ಫೋಟೊವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಬಟ್ಟೆಯ ಕೈಗವಸುಗಳು ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತವೆ, ಹಾಕಿಕೊಳ್ಳುವುದಾದರೆ ಆಸ್ಪತ್ರೆಯಲ್ಲಿ ಬಳಸುವಂಥ ನೈಟ್ರೈಲ್ ಕೈಗವಸು ಒಳ್ಳೆಯದು. ಫ್ಯಾನು ಆರಿಸಿ. ಕಾಫಿ ಲೋಟ ಬೇರೆ ಕೋಣೆಯಲ್ಲಿರಲಿ.

2. ಕೈಯಲ್ಲಿರುವುದು ಯಾವ ಬಗೆಯದು

ಕಪ್ಪುಬಿಳುಪು ಫೋಟೊದಲ್ಲಿ ನಮಗೆ ಕಾಣುವುದು ಬೆಳ್ಳಿ. ಕಾಗದದ ಮೇಲೆ ಜೆಲಟಿನ್ ಪದರ, ಆ ಪದರದೊಳಗೆ ಬೆಳ್ಳಿಯ ಸೂಕ್ಷ್ಮ ಕಣಗಳು. ಸರಿಯಾಗಿ ತೊಳೆದು ಸಂಸ್ಕರಿಸಿದ ಫೋಟೊವಾದರೆ ನೂರು ವರ್ಷ ದಾಟಿಯೂ ಗಟ್ಟಿಯಾಗಿರುತ್ತದೆ. ಅದರ ದೌರ್ಬಲ್ಯ ಇರುವುದು ಜೆಲಟಿನ್ನಿನಲ್ಲಿ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಪದಾರ್ಥ. ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ, ಬೂಷ್ಟಿಗೂ ಹುಳಕ್ಕೂ ಆಹಾರವಾಗುತ್ತದೆ. ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪು ಭಾಗಗಳಲ್ಲಿ, ಅದರಲ್ಲೂ ಅಂಚಿನಲ್ಲಿ, ಪಾದರಸ ಸವರಿದಂಥ ನೀಲಿ ಹೊಳಪು ಕಂಡರೆ ಒಳಗಿನ ಬೆಳ್ಳಿ ಮೇಲಕ್ಕೆ ಬಂದು ಕೂತಿದೆ ಎಂದರ್ಥ. ಒರೆಸಿದರೆ ಚಿತ್ರವೂ ಅದರ ಜೊತೆ ಹೋಗುತ್ತದೆ. ಬಿಟ್ಟುಬಿಡಿ.

ಕೈಯಿಂದ ಬಣ್ಣ ಹಚ್ಚಿದ ಸ್ಟುಡಿಯೊ ಫೋಟೊಗಳು ಇನ್ನೊಂದು ಬಗೆ. ಕಪ್ಪುಬಿಳುಪು ಮುಖಕ್ಕೆ ಕೆನ್ನೆಯಲ್ಲಿ ಗುಲಾಬಿ, ಸೀರೆಯ ಅಂಚಿಗೆ ಹಸಿರು, ಒಡವೆಗೆ ಹಳದಿ ತುಂಬಿರುತ್ತಾರೆ. ಇವುಗಳ ಹತ್ತಿರ ನೀರಿನ ಹನಿಯೂ ಸುಳಿಯಬಾರದು.

ಕಲರ್ ಫೋಟೊಗಳ ಕಥೆ ಬೇರೆ. ಅದರಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ನೀಲಿ, ಕೆನ್ನೇರಳೆ, ಹಳದಿ ಎಂಬ ಮೂರು ವರ್ಣದ್ರವ್ಯಗಳ ಪದರಗಳಷ್ಟೇ. ಅವು ಬೆಳಕು ತಾಕದೆ ಕತ್ತಲಲ್ಲಿಟ್ಟರೂ ಮಾಸುತ್ತವೆ. 1970 ಮತ್ತು 80ರ ದಶಕದ ಎಷ್ಟೋ ಮದುವೆ ಫೋಟೊಗಳು ಇವತ್ತು ಕೆಂಪುಕೆಂಪಾಗಿ ಕಾಣುವುದು ನೀಲಿ ಪದರ ಮೊದಲು ಸೋತದ್ದರಿಂದ. ಆದ್ದರಿಂದ ಸ್ಕ್ಯಾನ್ ಮಾಡುವ ಸರದಿ ವಯಸ್ಸಿನ ಪ್ರಕಾರ ಬೇಡ. ಮುತ್ತಜ್ಜನ 1935ರ ಕಪ್ಪುಬಿಳುಪು ಫೋಟೊ ಇನ್ನೊಂದು ವರ್ಷ ಕಾಯುತ್ತದೆ, ಅಪ್ಪ ಅಮ್ಮನ 1982ರ ಕಲರ್ ಆಲ್ಬಮ್ ಕಾಯುವುದಿಲ್ಲ.

ದಪ್ಪ ರಟ್ಟಿಗೆ ಅಂಟಿಸಿದ, ತೀರ ತೆಳುವಾದ, ಬಿಳಿ ಭಾಗಗಳೆಲ್ಲ ಹಳದಿಗಟ್ಟಿದ ಕಂದು ಚಿತ್ರ ಸಿಕ್ಕಿದರೆ ಅದು ಮೊಟ್ಟೆಯ ಬಿಳಿಭಾಗ ಹಚ್ಚಿದ ಕಾಗದದ ಮೇಲೆ ಮುದ್ರಿಸಿದ 19ನೇ ಶತಮಾನದ ಫೋಟೊ ಇರಬಹುದು. ರಟ್ಟಿನಿಂದ ಬಿಡಿಸಲು ಹೋಗಬೇಡಿ, ಅದನ್ನು ಬೇರೆ ತೆಗೆದಿಡಿ.

ನೆಗೆಟಿವ್‌ಗಳನ್ನು ಕಸವೆಂದು ಎಸೆಯುವ ಮನೆಗಳು ಬಹಳ. ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಇದ್ದ ಮನೆಯಾದರೆ ಹನ್ನೆರಡು ಚಿತ್ರಗಳ ರೋಲಿನ ಚೌಕಾಕಾರದ ದೊಡ್ಡ ನೆಗೆಟಿವ್‌ಗಳು ಎಲ್ಲೋ ಇರುತ್ತವೆ. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ಇಂದು ಹೆಸರಿನ ಫಿಲ್ಮೂ ಸಿಗಬಹುದು. ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ. ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ, ಹಾಗಾಗಿ ಕೂಡಲೇ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡಿ. 1950ಕ್ಕಿಂತ ಹಿಂದಿನ ಫಿಲ್ಮ್ ಸಿಕ್ಕಿ, ಅಂಚಿನಲ್ಲಿ ಇಂಗ್ಲಿಷಿನಲ್ಲಿ ಸೇಫ್ಟಿ ಎಂದು ಬರೆದಿಲ್ಲದಿದ್ದರೆ ಅದು ನೈಟ್ರೇಟ್ ಆಗಿರುವ ಸಾಧ್ಯತೆ ಇದೆ. ಅದು ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆ, ದೇವರಮನೆ, ಬಿಸಿಲು ಬೀಳುವ ಅಟ್ಟಗಳಿಂದ ದೂರವಿಟ್ಟು ತಿಳಿದವರನ್ನು ಕೇಳಿ.

3. ಧೂಳು, ಬೂಷ್ಟು, ಹುಳ

ಸ್ವಚ್ಛ ಮಾಡುವುದೆಂದರೆ ಒಣ ಧೂಳು ತೆಗೆಯುವುದು, ಅಷ್ಟೇ. ಮೊದಲು ಬ್ಲೋಅರಿನಿಂದ ಗಾಳಿ ಊದಿ, ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷನ್ನು ಹಗುರವಾಗಿ ಆಡಿಸಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಬಟ್ಟೆಯಿಂದ ಉಜ್ಜಿದರೆ ಧೂಳಿನ ಕಣಗಳೇ ಗೀರು ಮಾಡುತ್ತವೆ. ಕನ್ನಡಕ ಒರೆಸುವ ದ್ರವ, ಸ್ಪಿರಿಟ್, ಕೊಲೋನ್, ಅಂತರ್ಜಾಲದ ವಿಡಿಯೊಗಳಲ್ಲಿ ತೋರಿಸುವ ಆಲೂಗಡ್ಡೆ, ಬ್ರೆಡ್ಡು, ಯಾವುದೂ ಬೇಡ. ನೊಣದ ಕಲೆ, ಕುಂಕುಮದ ಕಲೆ ಹೋಗುವುದಿಲ್ಲವೆಂದು ಉಗುರಿನಿಂದ ಕೆರೆಯಬೇಡಿ. ಆ ಕಲೆಯನ್ನು ಕಂಪ್ಯೂಟರಿನಲ್ಲಿ ಅರ್ಧ ನಿಮಿಷದಲ್ಲಿ ತೆಗೆಯಬಹುದು. ಅದರ ಕೆಳಗಿನ ಕಣ್ಣು ಕಿತ್ತುಬಂದರೆ ಕಂಪ್ಯೂಟರಿಗೂ ಅದು ಗೊತ್ತಿರುವುದಿಲ್ಲ.

ಬೂಷ್ಟು ಹಿಡಿದದ್ದು ಸಿಕ್ಕರೆ ಅದನ್ನು ತಕ್ಷಣ ಉಳಿದವುಗಳಿಂದ ದೂರ ಮಾಡಿ. ಹಸಿ ಬೂಷ್ಟು ಮೆತ್ತಗೆ, ನೂಲುನೂಲಾಗಿ ಇರುತ್ತದೆ. ಆಗ ಮುಟ್ಟಿದರೆ ಜೆಲಟಿನ್ನಿನೊಳಕ್ಕೆ ಹಚ್ಚಿದಂತಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಿಟ್ಟರೆ ಅದು ಒಣಗಿ ಪುಡಿಯಾಗುತ್ತದೆ. ಆಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೃದು ಬ್ರಷ್ಷಿನಿಂದ ಕೊಡವಿ. ಆ ಬ್ರಷ್ಷನ್ನು ಬೇರೆ ಫೋಟೊಗಳಿಗೆ ಬಳಸಬೇಡಿ. ಮಲೆನಾಡು, ಕರಾವಳಿಯವರಿಗೆ ಈ ಮಾತು ಪ್ರತಿ ವರ್ಷದ್ದು.

ಬೆಳ್ಳಿಬಣ್ಣದ ಪುಸ್ತಕದ ಹುಳ ಜೆಲಟಿನ್ನನ್ನೂ ಆಲ್ಬಮ್ಮಿನ ಗೋಂದನ್ನೂ ಮೇಯುತ್ತದೆ. ಜಿರಳೆಯೂ ಅಷ್ಟೆ. ನುಸಿಗುಳಿಗೆಯನ್ನು ಫೋಟೊ ಇರುವ ಡಬ್ಬಿಯೊಳಗೆ ಹಾಕುವ ಅಭ್ಯಾಸ ಬಿಡಬೇಕು, ಅದರ ಆವಿ ಪ್ಲಾಸ್ಟಿಕ್ಕಿಗೂ ಫಿಲ್ಮಿಗೂ ಒಳ್ಳೆಯದಲ್ಲ. ಬೇವಿನ ಎಲೆಯೂ ಪೆಟ್ಟಿಗೆಯ ಹೊರಗೇ ಇರಲಿ. ಎಲೆ ತನ್ನ ತೇವವನ್ನೂ ಕಲೆಯನ್ನೂ ಫೋಟೊಕ್ಕೆ ಕೊಡುತ್ತದೆ. ಹುಳ ಬಾರದಂತೆ ಮಾಡಲು ಗಟ್ಟಿಯಾಗಿ ಮುಚ್ಚುವ ಡಬ್ಬಿ, ಒಣ ಜಾಗ, ವರ್ಷಕ್ಕೊಮ್ಮೆ ತೆರೆದು ನೋಡುವುದು, ಇವು ಸಾಕು.

4. ಅಂಟಿಕೊಂಡದ್ದನ್ನು ಬಿಡಿಸುವುದು

ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಫೋಟೊಗಳಿಗೆ ಬರುವ ದೊಡ್ಡ ರೋಗ ಗಾಜಿಗೆ ಅಂಟಿಕೊಳ್ಳುವುದು. ಗಾಜು ಮತ್ತು ಫೋಟೊ ನಡುವೆ ಸಂದಿಯೇ ಇರುವುದಿಲ್ಲ. ಮಳೆಗಾಲದಲ್ಲಿ ಗೋಡೆ ತೇವ ಕುಡಿಯುತ್ತದೆ, ಜೆಲಟಿನ್ ಮೆತ್ತಗಾಗಿ ಗಾಜನ್ನು ಹಿಡಿಯುತ್ತದೆ, ಬೇಸಿಗೆಯಲ್ಲಿ ಹಾಗೇ ಒಣಗಿ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಅಂಟಿದ ಜಾಗ ಒದ್ದೆಯಾದಂತೆ ಕಪ್ಪಾಗಿ ಹೊಳೆಯುತ್ತದೆ, ಅಂಟದ ಜಾಗ ಮಂಕಾಗಿರುತ್ತದೆ. ಗುರುತು ಹಿಡಿಯಲು ಇದೇ ಸಾಕು.

ಹಾಗೆ ಅಂಟಿದ್ದರೆ ಎಳೆಯಬೇಡಿ, ಬ್ಲೇಡು ತೂರಿಸಬೇಡಿ, ನೀರಿನಲ್ಲಿ ನೆನೆಸಬೇಡಿ. ಹಿಂದಿನ ರಟ್ಟನ್ನೂ ಮೊಳೆಗಳನ್ನೂ ನಿಧಾನವಾಗಿ ತೆಗೆದು, ಗಾಜಿನ ಹೊರಮೈಯನ್ನು ಮಾತ್ರ ಒಣ ಬಟ್ಟೆಯಿಂದ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಇಲ್ಲವೇ ಕ್ಯಾಮೆರಾದಲ್ಲಿ ತೆಗೆಯಿರಿ. ಮೂಲ ಆ ಗಾಜಿನೊಂದಿಗೇ ಉಳಿಯಲಿ. ತೀರ ಬೆಲೆಬಾಳುವಂಥದ್ದಾದರೆ ಸಂರಕ್ಷಣಾ ತಜ್ಞರ ಬಳಿ ಒಯ್ಯಬಹುದು. ಬೆಂಗಳೂರಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ.

ಎರಡನೆಯ ರೋಗ 80-90ರ ದಶಕದ ಅಂಟು ಆಲ್ಬಮ್. ದಪ್ಪ ಹಾಳೆಯ ಮೇಲೆ ಗೆರೆಗೆರೆಯಾಗಿ ಅಂಟು, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್. ಫೋಟೊ ಇಟ್ಟು ಪ್ಲಾಸ್ಟಿಕ್ ಸವರಿದರೆ ಮುಗಿಯಿತು. ಆಗ ಅದೇ ಆಧುನಿಕ. ಕಾಲ ಕಳೆದಂತೆ ಆ ಅಂಟು ಕಂದಾಗಿ ಫೋಟೊದ ಬೆನ್ನಿಗೆ ಇಳಿಯುತ್ತದೆ, ಪ್ಲಾಸ್ಟಿಕ್ ಮೇಲ್ಮೈಯನ್ನು ಹಿಡಿಯುತ್ತದೆ. ಬಿಡಿಸುವ ಮೊದಲು ಇಡೀ ಪುಟದ ಚಿತ್ರ ತೆಗೆದುಕೊಳ್ಳಿ. ಪ್ಲಾಸ್ಟಿಕ್ಕನ್ನು ನಿಧಾನವಾಗಿ ಹಿಂದಕ್ಕೆ ಮಡಚಿ. ಮೇಣ ಸವರದ ಡೆಂಟಲ್ ಫ್ಲಾಸ್ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫೋಟೊದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸದಂತೆ ಹಿಂದೆಮುಂದೆ ಆಡಿಸುತ್ತ ಒಳಗೆ ಸರಿಯಿರಿ. ದಾರ ಹಾಳೆಗೆ ಒತ್ತಿಕೊಂಡಿರಬೇಕು, ಫೋಟೊಕ್ಕಲ್ಲ. ಬಾಗಬೇಕಾದದ್ದು ಆಲ್ಬಮ್ಮಿನ ಹಾಳೆ, ಫೋಟೊ ಚಪ್ಪಟೆಯಾಗಿಯೇ ಇರಬೇಕು. ಅರ್ಧಕ್ಕೆ ನಿಂತು ಮುಂದೆ ಹೋಗದಿದ್ದರೆ ಹಟ ಮಾಡಬೇಡಿ, ಹಾಳೆಯನ್ನೇ ಫೋಟೊದ ಸುತ್ತ ಕತ್ತರಿಸಿ ತೆಗೆದಿಡಿ.

ಕಪ್ಪು ಹಾಳೆ, ನಡುವೆ ಬಟರ್ ಪೇಪರ್, ಮೂಲೆಗಳಿಗೆ ಕಾಗದದ ತ್ರಿಕೋನ ಇರುವ ಹಳೆಯ ಆಲ್ಬಮ್ಮುಗಳನ್ನು ಮಾತ್ರ ಬಿಚ್ಚಬೇಡಿ. ಇವುಗಳಲ್ಲಿ ಫೋಟೊದ ಮೈಗೆ ಅಂಟು ತಾಗಿರುವುದಿಲ್ಲ, ಬಿಳಿ ಶಾಯಿಯಲ್ಲಿ ಯಾರೋ ಬರೆದ ಅಡಿಬರಹವೂ ಇರಬಹುದು. ಆ ಆಲ್ಬಮ್ಮೇ ಒಂದು ದಾಖಲೆ.

5. ನೀರು ನುಗ್ಗಿದರೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಮನೆಗಳೊಂದಿಗೆ ಆಲ್ಬಮ್ಮುಗಳೂ ಕೆಸರಿನಲ್ಲಿ ಹೋದವು. ನೆನೆದ ಫೋಟೊಗಳ ವಿಷಯದಲ್ಲಿ ಒಂದೇ ಆತಂಕ: ಒಂದರ ಮೇಲೊಂದು ಇದ್ದಂತೆಯೇ ಒಣಗಿದರೆ ಇಟ್ಟಿಗೆಯಂತೆ ಒಂದಾಗುತ್ತವೆ. ಹಾಗಾಗಿ ಬಿಡಿಸಲು ಸಮಯ ಸಿಗುವವರೆಗೆ ತಣ್ಣನೆಯ ಶುದ್ಧ ನೀರಿನ ಟಬ್ಬಿನಲ್ಲಿ ಮುಳುಗಿಸಿಡಿ, ಆದರೆ ದಿನಗಟ್ಟಲೆ ಅಲ್ಲ. ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ನೀರಿನೊಳಗೇ ಒಂದೊಂದಾಗಿ ಬೇರ್ಪಡಿಸಿ, ಮುಖದ ಮೇಲೆ ಬೆರಳಾಡಿಸದೆ ಕೆಸರನ್ನು ನೀರಿನ ಅಲೆಯಿಂದಲೇ ಹೋಗಲು ಬಿಟ್ಟು, ಹತ್ತಿ ಬಟ್ಟೆಯ ಮೇಲೆ ಮುಖ ಮೇಲಾಗಿ ನೆರಳಿನಲ್ಲಿ ಒಣಗಿಸಿ. ಬಿಸಿಲು, ಹೇರ್ ಡ್ರೈಯರ್, ಇಸ್ತ್ರಿ ಬೇಡ. ಸುರುಳಿ ಸುತ್ತಿಕೊಂಡರೆ ಸುತ್ತಿಕೊಳ್ಳಲಿ, ಆಮೇಲೆ ಭಾರ ಇಟ್ಟು ಸರಿಮಾಡಬಹುದು.

ತುಂಬ ಇದ್ದು ಕೈ ಸಾಲದಿದ್ದರೆ ನಡುನಡುವೆ ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದಷ್ಟು ದಿನ ಕೆಡುವುದು ನಿಲ್ಲುತ್ತದೆ. ಗಾಜಿನ ನೆಗೆಟಿವ್‌ಗಳನ್ನು ಫ್ರೀಜರಿಗೆ ಹಾಕಬಾರದು. ಗಾಜಿನ ಕಟ್ಟಿನಲ್ಲಿದ್ದ ಫೋಟೊ ನೆನೆದಿದ್ದರೆ ಒಣಗುವ ಮುಂಚೆಯೇ ಹೊರತೆಗೆಯಬೇಕು. ಒಣಗಿ ಅಂಟಿದ ಗಾಜಿಗೆ ಮೇಲೆ ಹೇಳಿದ ಮಾತೇ ಕೊನೆ, ಹಸಿಯಾಗಿದ್ದಾಗ ಮಾತ್ರ ಅವಕಾಶ ಉಂಟು. ಕೈಬಣ್ಣದ ಫೋಟೊಗಳಿಗೂ ಇಂಕ್‌ಜೆಟ್ ಪ್ರಿಂಟುಗಳಿಗೂ ನೀರಿನಲ್ಲಿ ಮುಳುಗಿಸುವ ಈ ಕ್ರಮ ಸಲ್ಲದು, ಅವನ್ನು ಹಾಗೇ ಹರಡಿ ಒಣಗಿಸಿ.

6. ಹೆಸರು ಕೇಳುವುದು, ಬರೆಯುವುದು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಅವಸರ ಇರುವುದು ಇದಕ್ಕೇ. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ. ಎಲ್ಲರಿಗಿಂತ ಹಿರಿಯರಾದ ದೊಡ್ಡಮ್ಮನಿಗೆ ತೊಂಬತ್ತು ದಾಟಿದ್ದರೆ, ಅವರ ಪಕ್ಕ ಕೂರುವುದನ್ನು ಮುಂದೂಡಬೇಡಿ.

ಮೊಬೈಲಿನಲ್ಲಿ ಧ್ವನಿ ದಾಖಲಿಸಲು ಒತ್ತಿ, ಪಕ್ಕದಲ್ಲಿಟ್ಟು ಮಾತಿಗೆ ಕೂರಿ. ಫೋಟೊ ಕೈಗೆ ಕೊಟ್ಟು ಇವರು ಯಾರು ಎಂದು ಕೇಳಿದರೆ ಉತ್ತರ ಚುಟುಕಾಗಿ ಮುಗಿಯುತ್ತದೆ. ಈ ಸೀರೆ ಯಾರ ಮದುವೆಗೆ ತಂದದ್ದು, ಹಿಂದೆ ಕಾಣುವ ಬಾವಿ ಯಾವ ಮನೆಯದು, ಈ ಹುಡುಗ ಯಾಕೆ ಅಳುತ್ತಿದ್ದಾನೆ ಎಂದು ಕೇಳಿ ನೋಡಿ. ಹೆಂಗಸರ ಹೆಸರು ಬಂದಾಗ ಇಂಥವರ ಹೆಂಡತಿ ಎಂಬಲ್ಲಿಗೆ ನಿಲ್ಲಿಸಬೇಡಿ. ಅವರ ಸ್ವಂತ ಹೆಸರು, ಮದುವೆಯಾದ ಮೇಲೆ ಬದಲಿಸಿದ್ದರೆ ತವರಿನಲ್ಲಿ ಕರೆಯುತ್ತಿದ್ದ ಹೆಸರು, ತವರಿನ ಊರು ಕೇಳಿ ಬರೆದುಕೊಳ್ಳಿ. ವಂಶಾವಳಿಗಳಲ್ಲಿ ಕಳೆದುಹೋಗಿರುವುದು ಹೆಚ್ಚಾಗಿ ಇವರೇ.

ಹಳೆಯ ಸಂಗ್ರಹಗಳಲ್ಲಿ ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ, ಮನೆಮಂದಿ ಸುತ್ತ ನಿಂತು ತೆಗೆಸಿದ ಫೋಟೊಗಳೂ ಸಿಗುತ್ತವೆ. ಮಕ್ಕಳು ಬೆಚ್ಚುತ್ತಾರೆಂದು ಅವನ್ನು ಸುಡುವುದುಂಟು. ಬದುಕಿದ್ದಾಗ ಒಂದೂ ಫೋಟೊ ತೆಗೆಸದವರಿಗೆ ಅದೊಂದೇ ಚಿತ್ರ. ಬೇರೆ ಕವರಿನಲ್ಲಿ ಹಾಕಿ, ಹೆಸರು ಬರೆದಿಡಿ.

ಫೋಟೊದ ಬೆನ್ನಿನಲ್ಲಿ ಬರೆಯುವುದಾದರೆ ಪೆನ್ಸಿಲ್ ಮಾತ್ರ, ಅದೂ ಅಂಚಿನಲ್ಲಿ, ಒತ್ತದೆ. ಪ್ಲಾಸ್ಟಿಕ್ ಲೇಪದ ಕಲರ್ ಕಾಗದದ ಮೇಲೆ ಪೆನ್ಸಿಲ್ ಮೂಡುವುದಿಲ್ಲ, ಅದಕ್ಕೆ ಕವರಿನ ಮೇಲೆ ಬರೆಯಿರಿ, ಅದೂ ಫೋಟೊ ಒಳಗೆ ಹಾಕುವ ಮೊದಲು. ಗುಂಪು ಫೋಟೊ ಆದರೆ ಅದರ ಒಂದು ಪ್ರಿಂಟಿನ ಮೇಲೆ ಮುಖಕ್ಕೊಂದು ಸಂಖ್ಯೆ ಹಾಕಿ ಪಟ್ಟಿ ಮಾಡಿ. ಸಂದೇಹವಿದ್ದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.

ವರ್ಷ ಗೊತ್ತಿಲ್ಲದಿದ್ದರೆ ಹಿಂಬದಿಯ ಸ್ಟುಡಿಯೊ ಮೊಹರನ್ನು ಓದಿ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಮೊಹರು 1972ರ ಆಗಸ್ಟ್ 15ರ ನಂತರದ್ದು, ಪಿನ್‌ಕೋಡ್ ಜಾರಿಗೆ ಬಂದದ್ದೇ ಅಂದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚೆ ಮಾಡಿಸಿದ್ದು. ಹಳೆಯ ಮೊಹರನ್ನೇ ವರ್ಷಗಟ್ಟಲೆ ಒತ್ತುವ ಸ್ಟುಡಿಯೊಗಳಿದ್ದವು ಎಂಬ ಎಚ್ಚರವೂ ಇರಲಿ. ಬಿಲ್ಲಿನಲ್ಲಿ ಆಣೆಯ ಲೆಕ್ಕ ಕಂಡರೆ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವುದಕ್ಕೆ ಮುಂಚಿನದು, ಇಲ್ಲವೇ ಅದರ ಆಸುಪಾಸಿನದು.

7. ಸ್ಕ್ಯಾನ್ ಮಾಡುವುದು

ಸ್ವಲ್ಪವೇ ಇದ್ದರೆ ಮೊಬೈಲ್ ಸಾಕು. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಫೋಟೊ ಇಟ್ಟು, ಫ್ಲಾಶ್ ಆರಿಸಿ, ಮೊಬೈಲನ್ನು ಫೋಟೊಕ್ಕೆ ಸಮಾನಾಂತರವಾಗಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ತೆಗೆಯಿರಿ. ತೀರ ಹತ್ತಿರ ಒಯ್ದರೆ ಅಂಚುಗಳು ಬಾಗುತ್ತವೆ, ಸ್ವಲ್ಪ ದೂರದಿಂದ ಎರಡು ಪಟ್ಟು ಜೂಮ್ ಒಳ್ಳೆಯದು. ಗಾಜಿನ ಮೇಲೆ ನಿಮ್ಮದೇ ಪ್ರತಿಬಿಂಬ ಬಿದ್ದರೆ ಕಪ್ಪು ಬಟ್ಟೆಯೊಂದರಲ್ಲಿ ತೂತು ಮಾಡಿ, ಅದರ ಹಿಂದಿನಿಂದ ತೆಗೆಯಿರಿ.

ನೂರಾರು ಇದ್ದರೆ ಚಪ್ಪಟೆ ಗಾಜಿನ ಸ್ಕ್ಯಾನರ್ ಬೇಕು. ಮೇಲಿನಿಂದ ಹಾಳೆ ಎಳೆದುಕೊಳ್ಳುವ ಬಗೆಯದಕ್ಕೆ ಹಳೆಯ ಫೋಟೊ ಕೊಡಲೇಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕಾದವು ಇದ್ದರೆ ಸಿಸಿಡಿ ಬಗೆಯ ಸ್ಕ್ಯಾನರ್ ಹುಡುಕಿ. ತೆಳುವಾದ, ಅಗ್ಗದ ಸಿಐಎಸ್ ಸ್ಕ್ಯಾನರುಗಳಿಗೆ ಗಾಜಿನಿಂದ ಒಂದೆರಡು ಮಿಲಿಮೀಟರ್ ಮೇಲಿರುವುದೂ ಮಸುಕು.

ಅಂಚೆಕಾರ್ಡಿನ ಅಳತೆಯ ಫೋಟೊಕ್ಕೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು. ಪಾಸ್‌ಪೋರ್ಟ್ ಅಳತೆಯದಕ್ಕೂ ಮುಖಗಳು ಚಿಕ್ಕದಾಗಿರುವ ಗುಂಪು ಫೋಟೊಗೂ 1200. ಅಗ್ಫಾ ಕ್ಲಿಕ್ಕಿನ ಚೌಕ ನೆಗೆಟಿವ್‌ಗೆ 2400, 35 ಮಿಲಿಮೀಟರ್ ನೆಗೆಟಿವ್‌ಗೆ 3200. ಕಡತ ಟಿಫ್ ರೂಪದಲ್ಲಿರಲಿ, ಅದು ಚಿತ್ರದ ವಿವರ ಕುಗ್ಗಿಸದೆ ಉಳಿಸುವ ಬಗೆ. 4×6 ಇಂಚಿನ ಫೋಟೊ 600 ಡಿಪಿಐಯಲ್ಲಿ ಸುಮಾರು 26 ಎಂಬಿ ಆಗುತ್ತದೆ. ದೊಡ್ಡದೆನಿಸಿದರೂ ಸಾವಿರ ಫೋಟೊಕ್ಕೆ 26 ಜಿಬಿ ಅಷ್ಟೇ, ಒಂದು ಪೆನ್‌ಡ್ರೈವಿನೊಳಗೆ ಮುಗಿಯುತ್ತದೆ. ಸ್ಕ್ಯಾನರಿನಲ್ಲಿ ತಾನಾಗಿ ಬಣ್ಣ ಸರಿಪಡಿಸುವ, ಧೂಳು ಅಳಿಸುವ ಆಯ್ಕೆಗಳನ್ನು ಆರಿಸಿಡಿ. ಅವು ಬಿಂದಿ, ಮೂಗುತಿಗಳನ್ನೂ ಧೂಳೆಂದು ತಿಳಿಯುತ್ತವೆ. ಫೋಟೊದ ಬಿಳಿ ಅಂಚು ಪೂರ್ತಿ ಬರಲಿ, ಬೆನ್ನನ್ನೂ ಸ್ಕ್ಯಾನ್ ಮಾಡಿ.

ಕಪ್ಪುಬಿಳುಪನ್ನೂ ಕಲರ್ ಆಯ್ಕೆಯಲ್ಲೇ ಸ್ಕ್ಯಾನ್ ಮಾಡಬೇಕು. ಅದರ ಲಾಭ ಮುಂದಿನ ಹಂತದಲ್ಲಿ ಕಾಣುತ್ತದೆ. 80ರ ದಶಕದ ಪ್ರಿಂಟುಗಳಲ್ಲಿ ಜೇನುಗೂಡಿನಂಥ ಉಬ್ಬುತಗ್ಗಿನ ಕಾಗದವಿದ್ದರೆ ಸ್ಕ್ಯಾನಿನಲ್ಲಿ ಚುಕ್ಕೆಗಳ ಜಾಲ ಮೂಡುತ್ತದೆ. ಫೋಟೊವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಹೊಂದಿಸಿ, ಮೇಲಿನದನ್ನು ಅರ್ಧ ಪಾರದರ್ಶಕವಾಗಿಸಿದರೆ ಉಬ್ಬುಗಳ ನೆರಳು ಒಂದನ್ನೊಂದು ಹೊಡೆದುಹಾಕುತ್ತವೆ.

8. ಕಂಪ್ಯೂಟರಿನಲ್ಲಿ ರಿಪೇರಿ

ಹಣ ಕೊಟ್ಟು ಫೋಟೊಶಾಪ್ ತೆಗೆದುಕೊಳ್ಳಬೇಕಿಲ್ಲ, ಉಚಿತವಾಗಿ ಸಿಗುವ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಈ ಕೆಲಸಕ್ಕೆ ಧಾರಾಳ. ಮೊದಲು ಸ್ಕ್ಯಾನಿನ ನಕಲು ಮಾಡಿ, ನಕಲನ್ನಷ್ಟೇ ತೆರೆಯಿರಿ.

ಕಪ್ಪುಬಿಳುಪು ಫೋಟೊದ ಮೇಲೆ ಹಳದಿ, ಕಂದು ಕಲೆಗಳಿವೆ ಎಂದುಕೊಳ್ಳಿ. ಕಲರ್ ಸ್ಕ್ಯಾನಿನೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಿರುತ್ತವೆ. ಅವನ್ನು ಒಂದೊಂದಾಗಿ ತೆರೆದು ನೋಡಿ. ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಹೀರುವುದಿಲ್ಲ. ಆದ್ದರಿಂದ ನೀಲಿ ಚಾನೆಲ್ಲಿನಲ್ಲಿ ಕಲೆ ಕಪ್ಪಾಗಿ ರಾಚುತ್ತದೆ, ಕೆಂಪು ಚಾನೆಲ್ಲಿನಲ್ಲಿ ಬಹುತೇಕ ಮಾಯವಾಗಿರುತ್ತದೆ. ಕೆಂಪನ್ನಷ್ಟೇ ಉಳಿಸಿಕೊಂಡು ಕಪ್ಪುಬಿಳುಪಿಗೆ ತಿರುಗಿಸಿದರೆ ಗಂಟೆಗಟ್ಟಲೆಯ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ. ಮೊದಲೇ ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರೆ ಈ ದಾರಿ ಮುಚ್ಚಿರುತ್ತಿತ್ತು.

ಕೆಂಪಾದ ಕಲರ್ ಫೋಟೊಕ್ಕೆ ಲೆವೆಲ್ಸ್ ಎಂಬ ಸಾಧನ ತೆರೆದು, ಮೂರು ಚಾನೆಲ್‌ಗಳಲ್ಲೂ ಎಡಬಲದ ಗುಂಡಿಗಳನ್ನು ರೇಖಾಚಿತ್ರ ಶುರುವಾಗುವ, ಮುಗಿಯುವ ಜಾಗಕ್ಕೆ ತನ್ನಿ. ಬಣ್ಣಗಳು ಎದ್ದು ಕೂರುತ್ತವೆ. ಆಮೇಲೆ ಬಿಳಿ ಪಂಚೆ, ಕಪ್ಪು ಕೂದಲು ಇಂಥ ಗೊತ್ತಿರುವ ಬಣ್ಣಗಳನ್ನು ನೋಡಿ ಹದ ಮಾಡಿಕೊಳ್ಳಿ. ಪೂರ್ತಿ ಅಳಿಸಿಹೋದ ಪದರವನ್ನು ಯಾವ ಗುಂಡಿಯೂ ಮರಳಿ ತರಲಾರದು. ಆಗ ಅದನ್ನು ಕಪ್ಪುಬಿಳುಪು ಮಾಡುವುದೇ ಮೇಲು.

ಗೀರು, ಬಿರುಕು, ಮಡಿಕೆಗಳಿಗೆ ಹೊಸ ಲೇಯರ್ ತೆರೆದು, ಹೀಲ್ ಮತ್ತು ಕ್ಲೋನ್ ಸಾಧನಗಳಿಂದ ಪಕ್ಕದ ಭಾಗವನ್ನು ತಂದು ತುಂಬಿ. ಹಿನ್ನೆಲೆಯ ಪರದೆಯಿಂದ ಶುರುಮಾಡಿ, ಬಟ್ಟೆಗೆ ಬನ್ನಿ, ಮುಖವನ್ನು ಕೊನೆಗಿಟ್ಟುಕೊಳ್ಳಿ. ಅಷ್ಟರಲ್ಲಿ ಕೈ ಪಳಗಿರುತ್ತದೆ. ಎಲ್ಲ ಕಲೆಯನ್ನೂ ತೆಗೆಯಬೇಕೆಂದಿಲ್ಲ. ಕಾಗದದ ಕಣಕಣ, ಸ್ಟುಡಿಯೊ ಪರದೆಯ ಸುಕ್ಕು ಉಳಿದರೆ ಫೋಟೊ ತನ್ನ ಕಾಲದ್ದಾಗಿಯೇ ಇರುತ್ತದೆ.

ಈಗಿನ ಎಐ ಆ್ಯಪ್‌ಗಳ ವಿಚಾರದಲ್ಲಿ ನನಗೆ ಸ್ಪಷ್ಟ ಅಭಿಪ್ರಾಯವಿದೆ. ಗೀರು ತೆಗೆಯಲು ಬಳಸಿ, ಮುಖ ತಿದ್ದಲು ಬೇಡ. ಗುಂಪು ಫೋಟೊದಲ್ಲಿ 4 ಮಿಲಿಮೀಟರ್ ಇರುವ ಮುಖಕ್ಕೆ 600 ಡಿಪಿಐಯಲ್ಲಿ ಸಿಗುವುದು ತೊಂಬತ್ತೈದು ಪಿಕ್ಸೆಲ್ಲಿನೊಳಗೆ. ಅಲ್ಲಿ ಇಲ್ಲದ ರೆಪ್ಪೆ, ಹಲ್ಲು, ಚರ್ಮವನ್ನು ಆ್ಯಪ್ ಎಲ್ಲಿಂದ ತರುತ್ತದೆ? ತಾನು ನೋಡಿದ ಬೇರೆ ಲಕ್ಷಾಂತರ ಮುಖಗಳಿಂದ. ಮುತ್ತಜ್ಜಿಗೆ ಯಾರದೋ ಕಣ್ಣು, ಯಾರದೋ ಮುಗುಳ್ನಗೆ ಬಂದು ಕೂರುತ್ತದೆ. ಅವರನ್ನು ಕಣ್ಣಾರೆ ಕಂಡವರು ಮುಂದೆ ಯಾರೂ ಇಲ್ಲದಿದ್ದಾಗ ಅದೇ ಅವರ ಮುಖವಾಗಿಬಿಡುತ್ತದೆ. ಬಣ್ಣ ತುಂಬುವುದೂ ಹೀಗೆಯೇ. ಇಳಕಲ್ ಸೀರೆಯ ಸೆರಗು ಕೆಂಪೆಂದು ಆ್ಯಪ್‌ಗೆ ಗೊತ್ತಿಲ್ಲ, ಅದು ನೀಲಿ ಬಳಿದರೆ ಕೇಳುವವರೂ ಇಲ್ಲ. ಮಾಡಲೇಬೇಕೆಂಬ ಆಸೆ ಇದ್ದರೆ ಮಾಡಿ, ಆದರೆ ಕಡತದ ಹೆಸರಿನಲ್ಲೇ ಎಐ ಎಂದು ಸೇರಿಸಿ, ತಿದ್ದದ ಪ್ರತಿಯ ಪಕ್ಕದಲ್ಲೇ ಇಡಿ.

9. ಮೂಲವನ್ನು ಎಲ್ಲಿಡಬೇಕು

ಅಟ್ಟ ಬೇಡ. ಹೆಂಚಿನ ಮನೆಯ ಅಟ್ಟ ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ಸೋರುವ ಮಾಡು. ಬಚ್ಚಲಿಗೆ ತಾಗಿದ ಗೋಡೆಯೂ ಬೇಡ, ನೆಲಕ್ಕೆ ತಾಗಿದ ಟ್ರಂಕೂ ಬೇಡ. ಒಳಕೋಣೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದ ಕಬ್ಬಿಣದ ಬೀರುವಿನ ನಡುವಿನ ಅರೆ ಎಲ್ಲಕ್ಕಿಂತ ಉತ್ತಮ.

ಗಾಳಿಯ ತೇವಾಂಶ ಶೇಕಡಾ 30ರಿಂದ 50ರೊಳಗೆ ಇರುವುದು ಆದರ್ಶ. ಮಂಗಳೂರಿನಲ್ಲೋ ಆಗುಂಬೆಯಲ್ಲೋ ಇರುವವರಿಗೆ ಜುಲೈನಲ್ಲಿ ಇದು ನಗೆಪಾಟಲಿನ ಮಾತು. ಅವರು ಫೆಬ್ರುವರಿಯ ಒಣ ಮಧ್ಯಾಹ್ನ ನೋಡಿ, ರಬ್ಬರ್ ಅಂಚಿನ ಗಾಳಿಯಾಡದ ಪಾಲಿಪ್ರಾಪಿಲೀನ್ ಡಬ್ಬಿಯಲ್ಲಿ ಫೋಟೊಗಳನ್ನು ತುಂಬಿ, ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇರುವ ಬಟ್ಟೆಯ ಚೀಲವನ್ನು ಫೋಟೊಕ್ಕೆ ತಾಗದಂತೆ ಇಟ್ಟು ಮುಚ್ಚಬೇಕು. ಸಣ್ಣದೊಂದು ತೇವಮಾಪಕ ಒಳಗಿದ್ದರೆ ತೆರೆಯದೆಯೇ ನೋಡಬಹುದು. ಕ್ಯಾಮೆರಾ ಇಡಲು ಬಳಸುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳುವ ಶಕ್ತಿ ಇದ್ದರೆ ಮಲೆನಾಡಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಕವರುಗಳು ಆಮ್ಲರಹಿತ ಕಾಗದದ್ದಾಗಿರಲಿ. ಖಾಕಿ ಕವರು, ವೃತ್ತಪತ್ರಿಕೆ, ಕರೆ ಬಿಟ್ಟ ರಟ್ಟು ಇವೆಲ್ಲ ಆಮ್ಲ ಬಿಡುತ್ತವೆ. ಪ್ಲಾಸ್ಟಿಕ್ ಕವರು ಬಳಸುವುದಾದರೆ ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರಾಪಿಲೀನ್, ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಎಂದಿಗೂ ಬೇಡ. ತೇವದ ಸೀಮೆಯಲ್ಲಿ ಪ್ಲಾಸ್ಟಿಕ್ಕಿಗಿಂತ ಕಾಗದವೇ ವಾಸಿ, ಅದು ಉಸಿರಾಡುತ್ತದೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುತ್ತದೆ, ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಕಟ್ಟಲು ಹತ್ತಿಯ ದಾರ ಬಳಸಿ.

ಗೋಡೆಗೆ ಹಾಕಲು ಸ್ಕ್ಯಾನಿನಿಂದ ತೆಗೆದ ಹೊಸ ಪ್ರಿಂಟು ಇರಲಿ. ಹಾರ, ಗಂಧ, ಊದುಬತ್ತಿಯ ಹೊಗೆ ಎಲ್ಲವೂ ಅದಕ್ಕೇ ಸಲ್ಲಲಿ. ಕಟ್ಟು ಹಾಕುವವರಿಗೆ ಗಾಜಿನ ಕೆಳಗೆ ಸುತ್ತಲೂ ರಟ್ಟಿನ ಮೌಂಟ್ ಕೊಟ್ಟು ಗಾಜಿಗೂ ಪ್ರಿಂಟಿಗೂ ಸಂದಿ ಬಿಡಲು ಹೇಳಿ. ಹೊರಗೋಡೆಯಾದರೆ ಕಟ್ಟಿನ ಹಿಂದೆ ಎರಡು ಕಾರ್ಕಿನ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ.

10. ಕಡತಗಳ ಪಾಲನೆ

ಹೆಸರು ಇಡುವಾಗ ವರ್ಷ ಮೊದಲು ಬರಲಿ: 1974-05, ಊರು, ಸಂದರ್ಭ, ಕ್ರಮಸಂಖ್ಯೆ. ವರ್ಷ ಖಚಿತವಿಲ್ಲದಿದ್ದರೆ ದಶಕವನ್ನಷ್ಟೇ ಬರೆಯಿರಿ. ಜನರ ಹೆಸರುಗಳನ್ನು ಚಿತ್ರದ ಮಾಹಿತಿ ವಿಭಾಗದಲ್ಲಿ ಅಡಿಬರಹವಾಗಿ ಕನ್ನಡದಲ್ಲೇ ತುಂಬಿದರೆ ಅದು ಕಡತದೊಳಗೇ ಸಾಗುತ್ತದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಗಾತ್ರವೂ ಕುಗ್ಗುತ್ತದೆ, ಆ ಬರಹವೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿ.

ಮೂರು ಪ್ರತಿಗಳಿರಲಿ, ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಮನೆಯ ಹಾರ್ಡ್ ಡಿಸ್ಕ್ ಒಂದು, ಕ್ಲೌಡ್ ಒಂದು, ಬೇರೆ ಊರಿನ ತಂಗಿಯ ಮನೆಯ ಡಿಸ್ಕ್ ಒಂದು ಎಂದಾದರೆ ಲೆಕ್ಕ ಸರಿಹೋಗುತ್ತದೆ. ಕ್ಲೌಡ್ ಖಾತೆಯ ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಬೇಕು. ಪೆನ್‌ಡ್ರೈವನ್ನು ವರ್ಷಗಟ್ಟಲೆ ಡ್ರಾಯರಿನಲ್ಲಿಟ್ಟು ನಂಬಬೇಡಿ.

ಪ್ರತಿ ವರ್ಷ ಮಳೆ ನಿಂತ ಮೇಲೆ, ಆಯುಧಪೂಜೆಗೆ ಮನೆಯ ಸಾಮಾನೆಲ್ಲ ಹೊರತೆಗೆದು ಒರೆಸುವ ಹೊತ್ತಿಗೆ, ಈ ಡಬ್ಬಿಯನ್ನೂ ತೆರೆಯಿರಿ. ಕಿತ್ತಳೆ ಬಣ್ಣದ ಸಿಲಿಕಾ ಹಸಿರಾಗಿದ್ದರೆ 110-120 ಡಿಗ್ರಿ ಶಾಖದ ಓವನ್ನಿನಲ್ಲಿ, ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಬಣ್ಣ ಮರಳುವವರೆಗೆ ಒಣಗಿಸಿ. ನಾಲ್ಕಾರು ಕವರುಗಳನ್ನು ಅಲ್ಲಲ್ಲಿ ಎತ್ತಿ ಮೂಸಿ, ಬೆಳಕಿಗೆ ಹಿಡಿದು ನೋಡಿ. ಹಾರ್ಡ್ ಡಿಸ್ಕನ್ನು ಅದೇ ದಿನ ಕಂಪ್ಯೂಟರಿಗೆ ಚುಚ್ಚಿ ಒಂದಷ್ಟು ಕಡತ ತೆರೆದು ನೋಡಿ. ಐದಾರು ವರ್ಷ ದಾಟಿದ ಡಿಸ್ಕಾಗಿದ್ದರೆ ಅದು ಸದ್ದು ಮಾಡುವವರೆಗೆ ಕಾಯದೆ ಹೊಸದಕ್ಕೆ ನಕಲು ಮಾಡಿ.